ಸೂಯೆಜ್ ಕಾಲುವೆಯ ಸಾಲ

1879ರ ಜೂನ್ 26ರಂದು ಈಜಿಪ್ಟಿನ ಮೇಲೊಡೆಯನಾಗಿದ್ದ ಇಸ್ತಾಂಬುಲಿನ ಸುಲ್ತಾನನಿಂದ ಕೈರೋಗೆ ಒಂದು ತಂತಿ ಬಂತು. ವಿಳಾಸದಲ್ಲೇ 'ಮಾಜಿ ಖೆದಿವ್ ಇಸ್ಮಾಯಿಲ್' ಎಂದಿತ್ತು. ಈಜಿಪ್ಟಿನ ದೊರೆಗೆ ತನ್ನ ಪಟ್ಟ ಹೋದ ಸುದ್ದಿ ತಿಳಿದದ್ದು ಹೀಗೆ. ಪಟ್ಟ ಕಳೆದದ್ದು ಯುದ್ಧವಲ್ಲ, ಸಾಲ.

ಇಸ್ಮಾಯಿಲ್ ಅಧಿಕಾರಕ್ಕೆ ಬಂದ 1863ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು. ಅಲ್ಲಿಯ ಹತ್ತಿ ಬರದೆ ಇಂಗ್ಲೆಂಡಿನ ಗಿರಣಿಗಳು ಕಂಗಾಲು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆಗ ಬಂಗಾರದ ಬೆಲೆ; ನೈಲ್ ದಂಡೆಯಲ್ಲಂತೂ ಹಣದ ಹೊಳೆ. ಅದನ್ನು ನಂಬಿ ಅವನು ರೈಲು, ನೀರಾವರಿ, ಸೇತುವೆ, ಶಾಲೆ ಎಂದು ಎಲ್ಲಕ್ಕೂ ಕೈಹಾಕಿದ. 1865ರಲ್ಲಿ ಯುದ್ಧ ಮುಗಿದು ದರ ಬಿತ್ತು, ಸಾಲ ಉಳಿಯಿತು. ತಾಮ್ರದ ದರ ನಂಬಿದ ಜಾಂಬಿಯಾ 2020ರಲ್ಲಿ ಕಂತು ಕಟ್ಟಲಾಗದೆ ನಿಂತದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಹೊಟ್ಟೆ ಉರಿಸುವ ಪ್ರಕರಣ ಬೇರೆಯೇ ಇದೆ. ಸೂಯೆಜ್ ಕಾಲುವೆ ತೋಡಲು ಹಳ್ಳಿಗಳಿಂದ ರೈತರನ್ನು ಸಾವಿರಗಟ್ಟಲೆ ಬಲವಂತವಾಗಿ ಎಳೆದು ತರುತ್ತಿದ್ದರು. ಇದು ನಿಲ್ಲಬೇಕೆಂದು ಇಸ್ಮಾಯಿಲ್ ಪಟ್ಟು ಹಿಡಿದ. ಕಾಲುವೆ ತೋಡಿಸುತ್ತಿದ್ದ ಕಂಪನಿ ತಕರಾರು ತೆಗೆಯಿತು. ಪಂಚಾಯಿತಿಗೆ ಕೂತವನು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್. ಕಂಪನಿಯ ಷೇರುದಾರರಲ್ಲಿ ಹೆಚ್ಚಿನವರೂ ಫ್ರೆಂಚರೇ! 1864ರ ತೀರ್ಪಿನ ಪ್ರಕಾರ ಈಜಿಪ್ಟ್ 8.4 ಕೋಟಿ ಫ್ರಾಂಕ್ ತೆರಬೇಕಾಯಿತು. ಅದರಲ್ಲಿ 3.8 ಕೋಟಿ, ಆ ಆಳುಗಳು ಕೈತಪ್ಪಿದ್ದಕ್ಕೆ. ತನ್ನ ರೈತರನ್ನು ಬಿಡಿಸಿಕೊಂಡ ದೇಶಕ್ಕೇ ದಂಡ.

1869ರಲ್ಲಿ ಕಾಲುವೆ ತೆರೆದಾಗ ಫ್ರಾನ್ಸಿನ ಮಹಾರಾಣಿ ಯೂಜಿನಿಗೆಂದು ಅರಮನೆ, ಕೈರೋದಲ್ಲಿ ಒಪೆರಾ ಭವನ. ದುಂದು ನಿಜವೇ. ಆದರೆ ಇಸ್ಮಾಯಿಲನನ್ನು ಬೈಯುವವರು 1873ರ ಸಾಲವನ್ನೂ ನೋಡಬೇಕು: ಪತ್ರದಲ್ಲಿ 3.2 ಕೋಟಿ ಪೌಂಡ್, ಕೈಗೆ ಬಂದದ್ದು ಸುಮಾರು 2 ಕೋಟಿ. ಬಡ್ಡಿ ಮಾತ್ರ ಪತ್ರದಲ್ಲಿ ಬರೆದ ಮೊತ್ತಕ್ಕೆ.

ಮುಂದಿನದು ಇಳಿಜಾರು. 1875ರಲ್ಲಿ ಕಾಲುವೆ ಕಂಪನಿಯಲ್ಲಿ ಈಜಿಪ್ಟಿಗಿದ್ದ 1,76,602 ಷೇರುಗಳು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ ಪಾಲಾದವು. ಪ್ರಧಾನಿ ಡಿಸ್ರೇಲಿ ಆ ಹಣವನ್ನು ರಾಥ್ಸ್‌ಚೈಲ್ಡ್ ಮನೆತನದಿಂದ ಕೈಗಡ ತಂದಿದ್ದ. ಮರುವರ್ಷ ಈಜಿಪ್ಟಿನ ಕಂತು ನಿಂತಿತು, ಯುರೋಪಿನ ಅಧಿಕಾರಿಗಳು ಕೈರೋದಲ್ಲಿ ಕೂತು ಕಂದಾಯ ಎಣಿಸತೊಡಗಿದರು. 1880ರಲ್ಲಿ ಕಾಲುವೆಯ ಲಾಭದಲ್ಲಿ ಈಜಿಪ್ಟಿಗಿದ್ದ ಶೇ. 15ರ ಪಾಲೂ ಮಾರಾಟವಾಯಿತು. 1882ರಲ್ಲಿ ಬ್ರಿಟಿಷ್ ಸೈನ್ಯ ಬಂತು.

ಕಾಲುವೆ ಸೋತಿರಲಿಲ್ಲ, ಭರ್ಜರಿಯಾಗಿಯೇ ದುಡಿಯಿತು. ಆ ದುಡಿಮೆ ಶುರುವಾಗುವ ಹೊತ್ತಿಗೆ ಈಜಿಪ್ಟಿನ ಕೈ ಖಾಲಿಯಾಗಿತ್ತು, ಅಷ್ಟೇ. ಕಾಲುವೆ ಮತ್ತೆ ಕೈಗೆ ಬರಲು ದಶಕಗಳೇ ಬೇಕಾದವು. 1956ರ ಜುಲೈನಲ್ಲಿ ಅಮೆರಿಕ ಅಸ್ವಾನ್ ಅಣೆಕಟ್ಟಿನ ನೆರವನ್ನು ಹಿಂತೆಗೆದುಕೊಂಡಿತು. ವಾರದಲ್ಲೇ ಈಜಿಪ್ಟಿನ ಅಧ್ಯಕ್ಷ ನಾಸರ್ ಕಾಲುವೆಯನ್ನು ರಾಷ್ಟ್ರೀಕರಿಸಿದ. ಷೇರುದಾರರಿಗೆ 2.83 ಕೋಟಿ ಈಜಿಪ್ಟ್ ಪೌಂಡ್ ಪರಿಹಾರ ಕೊಡಲು 1958ರಲ್ಲಿ ಒಪ್ಪಂದವಾಯಿತು. ಈಜಿಪ್ಟ್ ಆ ಕಂತುಗಳನ್ನೂ ಕಟ್ಟಿ ತೀರಿಸಿತು.