ಹೆಬ್ಬೆರಳ ತುದಿಗೆ ಮರಳುವ ಸ್ಪರ್ಶ



ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಟ್ಟುಕೊಂಡು ಅಂಗಿಯ ಗುಂಡಿ ಹಾಕಲು ಪ್ರಯತ್ನಿಸಿ. ಉಳಿದ ನಾಲ್ಕು ಬೆರಳುಗಳು ಎಷ್ಟು ಅಸಹಾಯಕವೆಂಬುದು ತಿಳಿಯುತ್ತದೆ. ಈಗ ಜೇಬಿಗೆ ಕೈಹಾಕಿ, ನೋಡದೆಯೇ ನಾಣ್ಯವನ್ನು ಗುರುತಿಸಿ. ಹೆಬ್ಬೆರಳ ತುದಿ ಹಿಡಿಯುವುದಷ್ಟೇ ಅಲ್ಲ, ಕಣ್ಣಿನ ಕೆಲಸವನ್ನೂ ಮಾಡುತ್ತದೆ.

ಯಂತ್ರಕ್ಕೋ ಬಾಗಿಲ ಸಂದಿಗೋ ಸಿಕ್ಕಿ ಈ ತುದಿ ತುಂಡಾಗುವುದುಂಟು. ಗಾಯ ಚಿಕ್ಕದಾಗಿದ್ದು ಮೂಳೆ ಕಾಣದಿದ್ದರೆ, ವೈದ್ಯರು ಕಟ್ಟಿದ ಪಟ್ಟಿಯಡಿಯಲ್ಲೇ ಅದು ಮಾಯುತ್ತದೆ. ಮೂಳೆ ಕಂಡರೆ? ತೊಡೆಯ ಚರ್ಮ ತಂದು ಕಸಿ ಮಾಡಬಾರದೇಕೆ ಎಂದು ನೀವು ಕೇಳಬಹುದು. ಕಸಿಯ ಚರ್ಮ ತನ್ನ ರಕ್ತನಾಳಗಳನ್ನು ಬಿಟ್ಟು ಬಂದಿರುತ್ತದೆ. ಬರಿಯ ಮೂಳೆಯ ಮೇಲೆ ಅದು ಸಾಮಾನ್ಯವಾಗಿ ಅಂಟಿಕೊಳ್ಳದು. ಅಂಟಿಕೊಂಡರೂ ಸ್ಪರ್ಶ ಮಂಕು.

ಇಂಥ ಕಡೆ ಬೇಕಾಗುವುದು 'ಫ್ಲಾಪ್'. ಬಳ್ಳಿಯನ್ನು ಬೇರು ಕೀಳದೆ ಪಕ್ಕದ ಚಪ್ಪರಕ್ಕೆ ಬಾಗಿಸುವಂತೆ, ರಕ್ತಸಂಚಾರ ಕಡಿಯದೆ ಚರ್ಮವನ್ನು ಗಾಯದ ಮೇಲೆ ತರುವುದೇ ಇದರ ತತ್ತ್ವ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ.

ಸ್ವೀಡನ್ನಿನ ಶಸ್ತ್ರವೈದ್ಯ ಎರಿಕ್ ಮೊಬರ್ಗ್ ಕೈಯ ಸ್ಪರ್ಶಶಕ್ತಿಯನ್ನು ವಿಶೇಷವಾಗಿ ಅಭ್ಯಸಿಸಿದವರು. 1964ರಲ್ಲಿ ಅವರು ವಿವರಿಸಿದ ಫ್ಲಾಪ್ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಹೆಬ್ಬೆರಳಿನ ಎರಡೂ ಪಕ್ಕಗಳಲ್ಲಿ ಉದ್ದಕ್ಕೆ ಕೊಯ್ದು, ಅಂಗೈ ಕಡೆಯ ಚರ್ಮವನ್ನು ಅದರೊಳಗಿನ ರಕ್ತನಾಳ ಮತ್ತು ನರಗಳ ಸಮೇತ ಬಿಡಿಸಿ, ಮುಂದಕ್ಕೆ ಸರಿಸಿ ತುದಿಗೆ ಹೊಲಿಯುತ್ತಾರೆ. ನರವೂ ಜೊತೆಗೇ ಬರುವುದರಿಂದ ಸ್ಪರ್ಶ ಉಳಿಯುತ್ತದೆ. ಹೆಬ್ಬೆರಳಿನ ಹಿಂಬದಿಗೆ ಪ್ರತ್ಯೇಕ ರಕ್ತನಾಳಗಳಿರುವುದರಿಂದಲೇ ಇದು ಇಲ್ಲಿ ಸುರಕ್ಷಿತ. ಬೇರೆ ಬೆರಳುಗಳಲ್ಲಿ ಹೀಗೆ ಮಾಡಿದರೆ ಹಿಂಬದಿಯ ಚರ್ಮ ಸಾಯುವ ಅಪಾಯವಿದೆ.

ಸುಮಾರು 1ರಿಂದ 1.5 ಸೆಂಟಿಮೀಟರಿನಷ್ಟು ಕೊರತೆಯನ್ನು ಹೀಗೆ ತುಂಬಬಹುದು. ಆದರೆ ಬೆರಳನ್ನು ಕೊಂಚ ಬಾಗಿಸಿ ಹೊಲಿಯುವುದರಿಂದ ಕೀಲು ಬಿಗಿಯಾಗಬಹುದು. ವೈದ್ಯರು ಹೇಳಿದ ವ್ಯಾಯಾಮವನ್ನು ತಪ್ಪಿಸಬಾರದು. ಗಾಯ ಇನ್ನೂ ದೊಡ್ಡದಾದರೆ ತೋರುಬೆರಳಿನ ಹಿಂಬದಿಯ ಚರ್ಮವನ್ನು ನರ, ರಕ್ತನಾಳಗಳೊಡನೆ ತಿರುಗಿಸಿ ತರುವ ವಿಧಾನವೂ ಇದೆ.

ಇಷ್ಟೆಲ್ಲ ಸಾಧ್ಯವಾಗುವುದು ರೋಗಿ ಬೇಗ ಆಸ್ಪತ್ರೆ ತಲುಪಿದಾಗ. ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬಬೇಡಿ. ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿ. ತುಂಡಾದ ಭಾಗವನ್ನು ಎಸೆಯಬೇಡಿ. ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶಗಳು ಹಾಳಾಗುತ್ತವೆ.

ಶಸ್ತ್ರವೈದ್ಯರ ಕೌಶಲ ಆಮೇಲಿನ ಮಾತು. ಮೊದಲ ನಿಮಿಷಗಳಲ್ಲಿ ಆ ಬೆರಳು ಪಕ್ಕದಲ್ಲಿರುವ ನಿಮ್ಮ ಕೈಯಲ್ಲೇ ಇರುತ್ತದೆ.