ಸಾವಿರದೈನೂರು ರೂಪಾಯಿಯ ಕ್ಯಾಮೆರಾ ಯಾರ ಮಾತು ಕೇಳುತ್ತೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿರೋರಿಗೆ ಇವತ್ತು ಸ್ವಲ್ಪ ಭಾರವಾದ ಸುದ್ದಿಯಿಂದಲೇ ಶುರು ಮಾಡ್ತೀನಿ.

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಆನ್‌ಲೈನ್‌ಗೆ ಬಂದವು. ಹೆಣ್ಣುಮಕ್ಕಳನ್ನು ತಪಾಸಣೆ ಮಾಡುವ ಕೋಣೆಯ ದೃಶ್ಯಗಳು. ಯೂಟ್ಯೂಬ್‌ನಲ್ಲಿ ಚಿಕ್ಕ ತುಣುಕು, ಪೂರ್ತಿ ವಿಡಿಯೊ ಬೇಕು ಅಂದ್ರೆ ಟೆಲಿಗ್ರಾಂನಲ್ಲಿ ದುಡ್ಡು ಕೊಡಬೇಕು. ಪೊಲೀಸರು ತನಿಖೆ ಮಾಡಿ ಹಲವರನ್ನು ಬಂಧಿಸಿದರು. ಆ ಕ್ಯಾಮೆರಾ ವ್ಯವಸ್ಥೆಯ ಪಾಸ್‌ವರ್ಡ್ ಏನಿತ್ತು ಅಂತ ವರದಿಯಾಯಿತು ಗೊತ್ತಾ? ‘ಅಡ್ಮಿನ್123’. ಹ್ಯಾಕರ್ ಅಂದ ತಕ್ಷಣ ಕತ್ತಲೆ ಕೋಣೆ, ಹಸಿರು ಅಕ್ಷರ ಅಂತೆಲ್ಲ ಸಿನಿಮಾದಲ್ಲಿ ತೋರಿಸ್ತಾರಲ್ಲ, ಇಲ್ಲಿ ಅಷ್ಟೆಲ್ಲ ಬೇಕೇ ಆಗಿರಲಿಲ್ಲ.

ಕ್ಯಾಮೆರಾ ಹಾಕಿಸಿದವರು ಪಾಸ್‌ವರ್ಡ್ ಯಾಕೆ ಬದಲಾಯಿಸಲ್ಲ? ಸೋಮಾರಿತನ ಅಂತ ಬೈದು ಸುಮ್ಮನಾಗಬಹುದು. ನಾನು ಪಿಜಿಗಳಿಗೆ, ಅಂಗಡಿಗಳಿಗೆ ಕ್ಯಾಮೆರಾ ಹಾಕೋ ಒಬ್ಬರನ್ನ ಕೇಳಿದೆ. "ಅಣ್ಣ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡ್ತೀರಂತಲ್ಲ?" ಅವರು ನಕ್ಕರು. "ಇನ್ನೇನ್ ಮಾಡೋದು ಸರ್? ಬೇರೆ ಬೇರೆ ಇಟ್ಟರೆ ಓನರ್‌ಗಳು ಮರೀತಾರೆ. ರಾತ್ರಿ ಹತ್ತು ಗಂಟೆಗೆ ಫೋನು. ಗಾಡಿ ತಗೊಂಡು ಹೋಗಿ ರೀಸೆಟ್ ಮಾಡಿ ಬಂದ್ರೆ ಪೆಟ್ರೋಲ್ ದುಡ್ಡೂ ಕೊಡಲ್ಲ." ಅವರ ಲೆಕ್ಕ ಅವರಿಗೆ ಸರಿಯಾಗೇ ಇದೆ. ಬದಲಾಯಿಸಿದರೆ ಖರ್ಚು ಅವರದು, ಬದಲಾಯಿಸದಿದ್ದರೆ ನಷ್ಟ ಇನ್ಯಾರದ್ದೋ.

ನಾನು ಬಿ.ಕಾಂ. ಓದಿದವನು, ಎಲ್ಲದರಲ್ಲೂ ಲೆಡ್ಜರ್ ಹುಡುಕೋ ಚಾಳಿ. ಕಾಲೇಜಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಒಂದು ಪಾಠ ಇತ್ತು, ನೆನಪಿದೆಯಾ? ಕಾರ್ಖಾನೆ ಲಾಭ ಮಾಡುತ್ತೆ, ಹೊಗೆ ಪಕ್ಕದ ಊರಿನವರು ಕುಡೀತಾರೆ. ಆ ಪಾಠಕ್ಕೆ ಉದಾಹರಣೆ ಬೇಕು ಅಂದ್ರೆ ನಾನು ಮಿರಾಯ್ ಕಥೆ ಹೇಳ್ತೀನಿ.

ಮಿರಾಯ್ ಅನ್ನೋದು 2016ರಲ್ಲಿ ಬಂದ ಒಂದು ಮಾಲ್‌ವೇರ್. ಬರೆದವರು ಅಮೆರಿಕದ ಮೂವರು ಹುಡುಗರು, ಇಪ್ಪತ್ತರ ಆಸುಪಾಸಿನವರು. ಅದರ ಬುದ್ಧಿವಂತಿಕೆ ಇಷ್ಟೇ: ಕಾರ್ಖಾನೆಯಿಂದಲೇ ಬರುವ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಇಂಟರ್ನೆಟ್ ತುಂಬ ಅಲೆದು ಕ್ಯಾಮೆರಾ, ಡಿವಿಆರ್, ರೂಟರ್ ಹುಡುಕೋದು, ಪಟ್ಟಿಯಲ್ಲಿರೋದನ್ನ ಒಂದೊಂದಾಗಿ ಹಾಕಿ ನೋಡೋದು, ಬಾಗಿಲು ತೆರೆದರೆ ಒಳಗೆ ಕೂರೋದು. ಆ ಹುಡುಗರು ಕೊನೆಗೆ ಕೋಡನ್ನೇ ಎಲ್ಲರಿಗೂ ಸಿಗೋ ಹಾಗೆ ಆನ್‌ಲೈನ್‌ಗೆ ಹಾಕಿಬಿಟ್ಟರು. 2016ರ ಅಕ್ಟೋಬರ್ 21ರಂದು ಇಂಥ ಸಾಧನಗಳ ಸೈನ್ಯ ಡಿನ್ ಅನ್ನೋ ಕಂಪನಿಯ ಮೇಲೆ ಬಿತ್ತು. ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡೋ ಕೆಲಸ ಅದರದ್ದು. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಎಲ್ಲ ಅಮೆರಿಕದ ಎಷ್ಟೋ ಕಡೆ ಗಂಟೆಗಟ್ಟಲೆ ಸಿಗಲಿಲ್ಲ. ಅಷ್ಟೊತ್ತಿಗೆ ಆ ಕ್ಯಾಮೆರಾಗಳ ಮಾಲೀಕರು ಏನು ಮಾಡ್ತಿದ್ದರು? ಏನೂ ಇಲ್ಲ. ಅವರ ಕ್ಯಾಮೆರಾ ಎಂದಿನಂತೆ ಗೇಟು ತೋರಿಸ್ತಾ ಇತ್ತು. ಒಂದು ಚೀನೀ ಕಂಪನಿ ಆಮೇಲೆ ಅಮೆರಿಕದಲ್ಲಿ ಮಾರಿದ ಕೆಲವು ಸಾಧನಗಳನ್ನು ವಾಪಸ್ ಕರೆಸಿಕೊಂಡಿತು ಅನ್ನೋದನ್ನ ನ್ಯಾಯವಾಗಿ ಹೇಳಲೇಬೇಕು. ಆದರೂ ಹೆಚ್ಚಿನ ನಷ್ಟ ಯಾರ ಪುಸ್ತಕದಲ್ಲಿ ಬಿತ್ತು ನೋಡಿ.

ಇದನ್ನ ಹೇಳಿದರೆ ತಯಾರಕರ ಕಡೆಯವರು ಒಂದು ಮಾತು ಹೇಳ್ತಾರೆ: "ಅಷ್ಟು ಕಡಿಮೆ ಬೆಲೆಯ ವಸ್ತು ಸ್ವಾಮಿ, ಅಷ್ಟೆಲ್ಲ ಸೆಕ್ಯೂರಿಟಿ ಅದರಲ್ಲಿ ಹಿಡಿಸಲ್ಲ." ಕ್ಯಾಮೆರಾ ವಿಷಯದಲ್ಲಿ ಇದು ಶುದ್ಧ ನೆಪ. ಅದರೊಳಗೆ ಚಿಕ್ಕದೊಂದು ಲಿನಕ್ಸ್ ಕಂಪ್ಯೂಟರೇ ಇರುತ್ತೆ, ಎಲ್ಲ ಹಿಡಿಸುತ್ತೆ. ಆದರೆ ಅದಕ್ಕಿಂತ ಚಿಕ್ಕ ಸಾಧನಗಳಿವೆಯಲ್ಲ, ಅಲ್ಲಿ ಕಷ್ಟ ನಿಜ.

ಇಂಜಿನಿಯರಿಂಗ್ ಫ್ರೆಂಡ್ಸ್ ಹತ್ರ ಆರ್ಡುಯಿನೊ ಊನೊ ನೋಡಿರ್ತೀರಿ, ಆ ನೀಲಿ ಬೋರ್ಡು. ಅದರ ಚಿಪ್‌ನಲ್ಲಿರೋ ರ‍್ಯಾಮ್ 2 ಕೆಬಿ. ನಿಮ್ಮ ಫೋನ್‌ನಲ್ಲಿ 8 ಜಿಬಿ ಇದ್ದರೆ ಅದು ಇದರ 40 ಲಕ್ಷ ಪಟ್ಟಿಗಿಂತ ಜಾಸ್ತಿ. ಇಂಥ ಚಿಪ್‌ಗಳೇ ನೀರಿನ ಮೀಟರ್, ಬಾಗಿಲ ಬೀಗ, ಹೊಲದ ಸೆನ್ಸರ್ ಒಳಗೆ ಕೂತಿರೋದು. ಕೆಲವಕ್ಕೆ ಗುಂಡಿಯಂಥ ಒಂದು ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬದುಕಬೇಕು. ಬ್ಯಾಂಕ್ ಆ್ಯಪ್‌ಗಳಲ್ಲಿ ಬಳಸೋ ಎಇಎಸ್ ಅನ್ನೋ ಗೂಢಲಿಪಿ 2001ರಲ್ಲಿ ಪ್ರಮಾಣಿತವಾದದ್ದು, ಇವತ್ತಿಗೂ ಗಟ್ಟಿ. ಆದರೆ ತೀರಾ ಚಿಕ್ಕ ಚಿಪ್‌ಗೆ ಅದು ಮಗುವಿಗೆ ಅಪ್ಪನ ಶರ್ಟ್ ಹಾಕಿದ ಹಾಗೆ.

ಹಾಗಂತ ಕಂಪನಿಗಳು ತಾವೇ ಒಂದು ಚಿಕ್ಕ ಗೂಢಲಿಪಿ ಹೊಲಿದುಕೊಂಡರೆ ಏನಾಗುತ್ತೆ ಅಂತಲೂ ಲೋಕ ನೋಡಿದೆ. ಮೈಫೇರ್ ಕ್ಲಾಸಿಕ್ ಅಂತ ಒಂದು ಕಾರ್ಡ್ ಚಿಪ್ ಇತ್ತು, ಲಂಡನ್ನಿನ ಆಯ್ಸ್ಟರ್ ಕಾರ್ಡ್‌ನಲ್ಲಿ ಇದ್ದದ್ದು ಅದೇ. ಅದರ ಗೂಢಲಿಪಿ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನೇ ಗುಟ್ಟಾಗಿ ಇಟ್ಟಿದ್ದರು, ಕೀಲಿಯ ಉದ್ದ ಬರೀ 48 ಬಿಟ್. 2007ರ ಕೊನೆಯಲ್ಲಿ ಸಂಶೋಧಕರು ಚಿಪ್ಪನ್ನು ಪದರ ಪದರವಾಗಿ ಉಜ್ಜಿ, ಮೈಕ್ರೊಸ್ಕೋಪ್‌ನಲ್ಲಿ ಅದರ ಫೋಟೊ ತೆಗೆದು ಗುಟ್ಟು ಹೊರಗೆಳೆದರು. ನೆದರ್‌ಲ್ಯಾಂಡ್ಸ್‌ನ ವಿಶ್ವವಿದ್ಯಾಲಯವೊಂದರ ತಂಡ 2008ರಲ್ಲಿ ಅದನ್ನು ಮುರಿಯೋ ಬಗೆಯನ್ನ ಪ್ರಕಟಿಸಲು ಹೊರಟಾಗ ಚಿಪ್ ಕಂಪನಿ ಎನ್‌ಎಕ್ಸ್‌ಪಿ ತಡೆ ಕೇಳಿ ಕೋರ್ಟಿಗೆ ಹೋಯಿತು. ಕೋರ್ಟ್ ತಡೆ ಕೊಡಲಿಲ್ಲ.

ಇದಕ್ಕೆ ಉಲ್ಟಾ ದಾರಿ ಹಿಡಿದದ್ದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್. ಚಿಕ್ಕ ಸಾಧನಕ್ಕೆ ಹೊಂದೋ ಗೂಢಲಿಪಿ ಕಳಿಸಿ ಅಂತ ಜಗತ್ತಿಗೇ ಕರೆ ಕೊಟ್ಟಿತು. 57 ಅರ್ಜಿ ಬಂದವು. ಎಲ್ಲವೂ ಬಹಿರಂಗ, ಯಾರು ಬೇಕಾದರೂ ಮುರಿಯಲು ನೋಡಬಹುದು. 10 ಉಳಿದವು, 2023ರ ಫೆಬ್ರವರಿಯಲ್ಲಿ ಆಸ್ಕಾನ್ ಅನ್ನೋದು ಗೆದ್ದಿತು, 2025ರ ಆಗಸ್ಟ್‌ನಲ್ಲಿ ಅದು ಮಾನದಂಡವೂ ಆಯಿತು. ಇದನ್ನೆಲ್ಲ ಲೈಟ್‌ವೇಟ್ ಕ್ರಿಪ್ಟೊ ಅಂತಾರೆ. (ಬಿಟ್‌ಕಾಯಿನ್ ಅಲ್ಲ ಮಾರಾಯ್ರೆ, ಕ್ರಿಪ್ಟೊ ಅನ್ನೋ ಪದಕ್ಕೆ ಹಳೇ ಅರ್ಥವೂ ಒಂದಿದೆ.)

ಆಸ್ಕಾನ್‌ನ ಹೊಟ್ಟೆ 320 ಬಿಟ್, ಅಂದ್ರೆ 40 ಬೈಟ್. ಒಂದು ಚಿಕ್ಕ ಪಾತ್ರೆ ಅಂದ್ಕೊಳ್ಳಿ. ಕೀಲಿ ಹಾಕಿ ಕಲಸೋದು, ಸಂದೇಶ ಹಾಕಿ ಕಲಸೋದು, ಮತ್ತೆ ಕಲಸೋದು. ಅದೇ ಪಾತ್ರೆಯಿಂದ ಎರಡು ವಸ್ತು ಬರುತ್ತೆ: ಮುಚ್ಚಿದ ಸಂದೇಶ, ಅದರ ಮೇಲೊಂದು ಮುದ್ರೆ.

ಈ ಮುದ್ರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಪ್ರೈವೆಸಿ ಅಂದ್ರೆ ಮುಚ್ಚಿಡೋದು ಅಂತ ಮಾತ್ರ ನಾವು ಯೋಚಿಸ್ತೀವಿ. ಹಳ್ಳಿಯಲ್ಲಿ ಬೋರ್‌ವೆಲ್ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಕೊಂಡಿರೋರನ್ನ ನೋಡಿದ್ದೀರಲ್ಲ. ‘ಮೋಟರ್ ಆನ್’ ಅನ್ನೋ ಮಾತು ಪಕ್ಕದವನಿಗೆ ಕೇಳಿಸಿದರೆ ಅಂಥ ನಷ್ಟವೇನಿಲ್ಲ. ಆದರೆ ಆ ಮಾತು ನಿಜವಾಗಿ ಯಜಮಾನನದ್ದೇನಾ ಅನ್ನೋದು ಮುಖ್ಯ. ಮುದ್ರೆ ಅದನ್ನ ಹೇಳುತ್ತೆ. ಇನ್ನೊಂದು ತಂಟೆ ಇದೆ: ನಿನ್ನೆಯ ಅಸಲಿ ಸಂದೇಶವನ್ನೇ ಯಾರೋ ಹಿಡಿದಿಟ್ಟುಕೊಂಡು ಇವತ್ತು ಮತ್ತೆ ಕಳಿಸಬಹುದು. ಮುದ್ರೆ ಅಸಲಿ, ಮೋಟರ್ ಶುರು. ಅದಕ್ಕೇ ಪ್ರತಿ ಸಂದೇಶಕ್ಕೂ ಚೆಕ್ ನಂಬರ್ ಥರ ಹೊಸ ಸಂಖ್ಯೆ ಇರಬೇಕು, ಬಳಸಿದ ನಂಬರ್ ಮತ್ತೆ ಬಂದರೆ ಯಂತ್ರ ‘ಆಗಲ್ಲ’ ಅನ್ನಬೇಕು. ಒಳ್ಳೆಯ ಗೂಢಲಿಪಿ ಹಾಕಿಯೂ ಇಷ್ಟನ್ನ ಮರೆತರೆ ಮುಗೀತು.

ಹಾಗಾಗಿ ‘ಹಿಡಿಸಲ್ಲ’ ಅನ್ನೋ ಮಾತು ಈಗ ಬಹುಪಾಲು ಸತ್ತಿದೆ. ಗಣಿತ ಪುಕ್ಕಟೆ ಸಿಗುತ್ತೆ. ಪುಕ್ಕಟೆ ಸಿಗದೇ ಇರೋದು ಬೇರೆ: ಲಕ್ಷ ಸಾಧನಕ್ಕೆ ಲಕ್ಷ ಬೇರೆ ಬೇರೆ ಕೀಲಿ ಹಾಕೋ ಶ್ರಮ, ಮಾರಿದ ಮೇಲೂ ಐದಾರು ವರ್ಷ ಅಪ್‌ಡೇಟ್ ಕೊಡೋ ಸಂಬಳದ ಜನ. ಎಲ್ಲಕ್ಕೂ ಒಂದೇ ಕೀಲಿ ಇಟ್ಟರೆ ಒಂದು ಮೀಟರ್ ಬಿಚ್ಚಿದವನಿಗೆ ಊರಿನ ಎಲ್ಲ ಮೀಟರ್ ಸಿಕ್ಕ ಹಾಗೆ.

ಈ ಖರ್ಚನ್ನ ಯಾರೂ ಪ್ರೀತಿಯಿಂದ ಮಾಡಲ್ಲ, ಕಾನೂನು ಬೇಕು ಅಂತಲೇ ನನ್ನ ಅಭಿಪ್ರಾಯ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಪೀಸ್‌ಗೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರೋ ಹಾಗಿಲ್ಲ, ಎಷ್ಟು ದಿನ ಅಪ್‌ಡೇಟ್ ಕೊಡ್ತೀವಿ ಅಂತಲೂ ಹೇಳಬೇಕು. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಬೆಲೆ ಏರುತ್ತೆ ಅಂತ ಗೊಣಗಾಟ ಇದೆ. ಏರಲಿ, ಇಷ್ಟು ದಿನ ಆ ಬೆಲೆಯನ್ನ ತಪಾಸಣೆ ಕೋಣೆಯಲ್ಲಿ ಮಲಗಿದ್ದ ಹೆಣ್ಣುಮಕ್ಕಳು ಕಟ್ಟುತ್ತಿದ್ದರು. ಆದರೆ ಈಗಾಗಲೇ ಗೋಡೆಯ ಮೇಲಿರೋ ಹಳೇ ಕ್ಯಾಮೆರಾಗಳನ್ನ ಈ ಪರೀಕ್ಷೆ ಬಂದು ರಿಪೇರಿ ಮಾಡಲ್ಲ.

ನೀವು ಪಿಜಿಯಲ್ಲಿ ಇದ್ದರೆ ಇವತ್ತು ಓನರ್ ಆಂಟಿಯನ್ನ ಎರಡು ಪ್ರಶ್ನೆ ಕೇಳಿ. ಕ್ಯಾಮೆರಾ ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಹಾಕಿದವರ ಫೋನಲ್ಲಿ ಇನ್ನೂ ಅದರ ಲಾಗಿನ್ ಇದೆಯಾ? ಎರಡನೇ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ, ನೋಡ್ತಿರಿ. ಏನಂದ್ರು ಅಂತ ನನಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೆಲವನ್ನ ಹೆಸರು ಹೇಳದೆ ಕೇಳಿಸ್ತೀನಿ. ಸಿಗೋಣ.