ಬಾನೆಟ್ಟಿನ ಕೆಳಗೊಂದು ದೀಪ



ಕಳೆದ ಮಳೆಗಾಲದ ಒಂದು ರಾತ್ರಿ, ಮಕ್ಕಳನ್ನು ಕರೆತರುತ್ತಿದ್ದ ನಮ್ಮ ಶಾಲಾ ವಾಹನವು ನಡುದಾರಿಯಲ್ಲಿ ನಿಂತಿತು. ಸಡಿಲಗೊಂಡ ಒಂದು ತಂತಿಯನ್ನು ಕತ್ತಲಲ್ಲಿ ಹುಡುಕಲು ನಮಗೆ ಒಂದು ಗಂಟೆ ಹಿಡಿಯಿತು. ಆದುದರಿಂದ ಬಾನೆಟ್ಟಿನ ಒಳಬದಿಗೆ 12 ವೋಲ್ಟಿನ, 12 ವಾಟಿನ ಎಲ್‌ಇಡಿ ದೀಪವೊಂದನ್ನು ಜೋಡಿಸಿದೆವು.

ಮೊದಲು ಬ್ಯಾಟರಿಯ ಋಣಧ್ರುವದ ತಂತಿಯನ್ನು ಕಳಚಿದೆವು. ಧನಧ್ರುವದಿಂದ ಹೊರಡುವ ಹೊಸ ತಂತಿಯಲ್ಲಿ, ಬ್ಯಾಟರಿಯ ಸಮೀಪದಲ್ಲಿಯೇ 3 ಆಂಪಿಯರಿನ ಫ್ಯೂಸನ್ನೂ, ಬಳಿಕ ಸ್ವಿಚ್ಚನ್ನೂ ಇರಿಸಿದೆವು. ದೀಪವು ಸೆಳೆಯುವುದು 1 ಆಂಪಿಯರ್ ಮಾತ್ರ. ಫ್ಯೂಸೇಕೆಂದು ಕೆಲವರು ಕೇಳಿದರು. ತಂತಿಯ ಹೊದಿಕೆ ಸವೆದು ವಾಹನದ ಲೋಹಕ್ಕೆ ತಗುಲಿದರೆ ಬ್ಯಾಟರಿಯು ನೂರಾರು ಆಂಪಿಯರ್ ಹರಿಸಬಲ್ಲುದು, ತಂತಿಯು ಕೆಂಡವಾಗುವುದು. ಫ್ಯೂಸಾದರೋ ತಾನು ಕರಗಿ ವಾಹನವನ್ನು ಉಳಿಸುವುದು.

ಬೆಳಕನ್ನು ತರಹೊರಟ ನಾವು ಬೆಂಕಿಯನ್ನು ತಂದವರಾಗಬಾರದು. ಆ ವಾಹನದಲ್ಲಿ ಕುಳಿತಿರುವವರು ನಮ್ಮ ಮಕ್ಕಳು.